ಸಣ್ಣ ಹಿಡುವಳಿಗೆ ಹಳೆಯ ಟ್ರಾಕ್ಟರಿನ ಆಯ್ಕೆ

ಕಾಕನಕೋಟೆಯ ಸೀಮೆಯಲ್ಲಿ ಶಕ್ತಿಯೆಂದರೆ ಬಹುಕಾಲದವರೆಗೆ ಆನೆಯ ಶಕ್ತಿಯೇ ಆಗಿತ್ತು. ಕಪಿಲೆಯ ದಡದಲ್ಲಿ ಖೆಡ್ಡಾಗಳನ್ನು ನಡೆಸಿ, ಹಿಡಿದ ಆನೆಗಳನ್ನು ಪಳಗಿಸಿ, ಅವುಗಳಿಂದ ಕಾಡಿನ ದಿಮ್ಮಿಗಳನ್ನು ಎಳೆಸುತ್ತಿದ್ದರು. 1971ರ ಖೆಡ್ಡಾ ಕೊನೆಯದಾಯಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟೆಯ ಕೆಲಸ ಮುಗಿಯಿತು. ನದಿಯ ದಡದ ಆ ನೆಲ ನೀರಿನಡಿಗೆ ಸೇರಿತು. ಕಾಡಿನ ಅಂಚಿನಿಂದ ಈಚೆಗೆ, ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಹೊಲಗದ್ದೆಗಳಲ್ಲಿ ಉಳುಮೆಯ ಭಾರವನ್ನು ಹೊತ್ತದ್ದು ಎತ್ತು. ಇಂದು ಆ ಭಾರದ ದೊಡ್ಡ ಪಾಲು ಟ್ರಾಕ್ಟರಿನ ಮೇಲೆ ಬಿದ್ದಿದೆ.

ಈ ಸೀಮೆಯ ರೈತರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಸರ್ಕಾರದ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ, ಎಂದರೆ ಎರಡೂವರೆ ಎಕರೆಗೆ, ಒಳಪಟ್ಟವನು ಅತಿ ಸಣ್ಣ ರೈತ. ಎರಡು ಹೆಕ್ಟೇರಿಗೆ, ಎಂದರೆ ಐದು ಎಕರೆಗೆ, ಒಳಪಟ್ಟವನು ಸಣ್ಣ ರೈತ. ಇಂಥವನಿಗೆ ಹೊಸ ಟ್ರಾಕ್ಟರಿನ ಬೆಲೆ ಎಟುಕುವುದಿಲ್ಲ. ಆದುದರಿಂದ ಅವನ ದೃಷ್ಟಿ ಸಹಜವಾಗಿಯೇ ಹಳೆಯ ಟ್ರಾಕ್ಟರಿನ ಕಡೆಗೆ ಹೊರಳುತ್ತದೆ. ಅರಿತು ಆರಿಸಿದ ಹಳೆಯ ಯಂತ್ರವು ಹತ್ತು ವರ್ಷ ಮನೆಗೆ ದುಡಿಯಬಲ್ಲದು. ಅರಿಯದೆ ತಂದದ್ದು ಹೊಲದ ಪತ್ರವನ್ನೇ ಒತ್ತೆ ಇಡಿಸಬಲ್ಲದು. ಈ ಎರಡರ ನಡುವಿನ ಅಂತರವು ಅದೃಷ್ಟದ್ದಲ್ಲ, ಪರೀಕ್ಷೆಯದು.

ಎತ್ತು ಕೊಳ್ಳುವವನ ವಿವೇಕ

ಚುಂಚನಕಟ್ಟೆಯ ದನಗಳ ಜಾತ್ರೆಗೋ ಸುತ್ತೂರಿನ ಜಾತ್ರೆಗೋ ಹೋಗಿ ಎತ್ತು ತರುತ್ತಿದ್ದ ಹಿರಿಯನು ಮೈಬಣ್ಣವನ್ನು ನೋಡಿ ಮರುಳಾಗುತ್ತಿರಲಿಲ್ಲ. ಮೊದಲು ಬಾಯಿ ತೆರೆಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ನೋಡುತ್ತಿದ್ದನು. ಹೆಗಲಿನ ಮೇಲೆ ಕೈಯಾಡಿಸಿ ನೊಗದ ಹುಣ್ಣಿನ ಗುರುತು ಹುಡುಕುತ್ತಿದ್ದನು. ಗೊರಸನ್ನು ಎತ್ತಿಸಿ, ನಡೆಸಿ, ತಿರುಗಿಸಿ, ಕಡೆಗೆ ನೊಗಕ್ಕೆ ಹೂಡಿಸಿ ನೋಡಿದ ಮೇಲೆಯೇ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದನು. ಎಲ್ಲಕ್ಕಿಂತ ಮೊದಲು ತನ್ನ ಹಟ್ಟಿಯಲ್ಲಿ ಇನ್ನೊಂದು ಜೊತೆಗೆ ಹುಲ್ಲುಂಟೆ, ಹೊಲದಲ್ಲಿ ಅದಕ್ಕೆ ಕೆಲಸವುಂಟೆ ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡುತ್ತಿದ್ದನು.

ಟ್ರಾಕ್ಟರಿನ ವಿಷಯದಲ್ಲಿ ಈ ವಿವೇಕವನ್ನು ಮರೆಯುವುದೇ ಹೆಚ್ಚು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಗಳಿಂದ ಹೊಗೆಸೊಪ್ಪಿನ ಹಣ ಕೈಸೇರಿದ ದಿನಗಳಲ್ಲಿ, ಹೊಸದಾಗಿ ಬಣ್ಣ ಬಳಿದ ಯಂತ್ರವೊಂದು ಬೀದಿಯಲ್ಲಿ ನಿಂತರೆ ಆಸೆ ಹುಟ್ಟುವುದು ಸಹಜ. ಆದರೆ ಎತ್ತಿಗೆ ಕೇಳುತ್ತಿದ್ದ ಪ್ರಶ್ನೆಗಳೆಲ್ಲವನ್ನೂ ಟ್ರಾಕ್ಟರಿಗೂ ಕೇಳಬೇಕು. ಅವುಗಳನ್ನು ಅದೇ ಅನುಕ್ರಮದಲ್ಲಿಯೇ ಕೇಳಬೇಕು.

ಮೊದಲ ಪ್ರಶ್ನೆ: ಕೊಳ್ಳುವುದು ಅಗತ್ಯವೆ?

ಟ್ರಾಕ್ಟರಿಗೆ ಎರಡು ಬಗೆಯ ಖರ್ಚುಗಳಿವೆ. ಬೆಲೆಯ ಸವಕಳಿ, ಬಂಡವಾಳದ ಬಡ್ಡಿ, ವಿಮೆ ಮುಂತಾದವು ಯಂತ್ರ ನಿಂತಿದ್ದರೂ ತಪ್ಪದ ಸ್ಥಿರ ಖರ್ಚುಗಳು. ಡೀಸೆಲ್, ಎಣ್ಣೆ, ದುರಸ್ತಿ, ಚಾಲಕನ ಕೂಲಿ ಇವು ಓಡಿದಷ್ಟಕ್ಕೆ ಮಾತ್ರ ತಗಲುವ ಖರ್ಚುಗಳು. ಸಣ್ಣ ರೈತನನ್ನು ಕೆಡಿಸುವುದು ಬಹುಮಟ್ಟಿಗೆ ಮೊದಲನೆಯ ಬಗೆಯದು.

ಒಂದು ಮಾದರಿ ಲೆಕ್ಕವನ್ನು ನೋಡಬಹುದು. ಯಂತ್ರದ ಬೆಲೆ 2,50,000 ರೂಪಾಯಿ ಎಂದಿಟ್ಟುಕೊಂಡು, ಹತ್ತು ವರ್ಷದ ನಂತರ ಅದು 1,00,000 ರೂಪಾಯಿಗೆ ಮಾರಾಟವಾಗುವುದೆಂದು ಭಾವಿಸಿದರೆ ವರ್ಷದ ಸವಕಳಿ 15,000 ರೂಪಾಯಿ. ಸರಾಸರಿ ಬಂಡವಾಳ 1,75,000 ರೂಪಾಯಿಗೆ ಶೇಕಡ 10ರಂತೆ ಬಡ್ಡಿ 17,500 ರೂಪಾಯಿ. ವಿಮೆ, ಕೊಟ್ಟಿಗೆ ಮೊದಲಾದವುಗಳಿಗೆ 7,500 ರೂಪಾಯಿ. ಒಟ್ಟು ಸ್ಥಿರ ಖರ್ಚು ವರ್ಷಕ್ಕೆ 40,000 ರೂಪಾಯಿ. ಊರಿನಲ್ಲಿ ಬಾಡಿಗೆ ಟ್ರಾಕ್ಟರಿನ ದರ ಗಂಟೆಗೆ 1,000 ರೂಪಾಯಿ, ಸ್ವಂತ ಯಂತ್ರವನ್ನು ಓಡಿಸುವ ಖರ್ಚು ಗಂಟೆಗೆ 600 ರೂಪಾಯಿ ಎಂದಾದರೆ ಪ್ರತಿ ಗಂಟೆಗೆ ಉಳಿತಾಯ 400 ರೂಪಾಯಿ. 40,000ವನ್ನು 400ರಿಂದ ಭಾಗಿಸಿದರೆ 100 ಬರುತ್ತದೆ. ಎಂದರೆ, ವರ್ಷಕ್ಕೆ 100 ಗಂಟೆ ದುಡಿಸಿದರೆ ಸರಿಸಮ; ಅದಕ್ಕಿಂತ ಕಡಿಮೆಯಾದರೆ ನಷ್ಟ.

ಇನ್ನು ಐದು ಎಕರೆಯ ಹೊಲಕ್ಕೆ ಎಷ್ಟು ಗಂಟೆ ಬೇಕು? ಸಣ್ಣ ತಾಕುಗಳ ತಿರುವುಗಳೂ ಸೇರಿ ಎಕರೆಗೆ ಒಂದು ಬೆಳೆಗೆ ಮೂರು ಗಂಟೆಯಂತೆ ಎರಡು ಬೆಳೆಗೆ 30 ಗಂಟೆ. ಗೊಬ್ಬರ, ಸೌದೆ, ಫಸಲುಗಳ ಸಾಗಣೆಗೆ 20 ಗಂಟೆ. ಒಟ್ಟು 50. ಉಳಿದ 50 ಗಂಟೆಗಳ ಕೊರತೆಯು ವರ್ಷಕ್ಕೆ 20,000 ರೂಪಾಯಿಯ ನಷ್ಟವಾಗಿ ಮನೆಯೊಳಗೆ ಬರುತ್ತದೆ. ಅದೇ ಯಂತ್ರವನ್ನು ಅಂಥ ಎರಡು ಮನೆಗಳು ಹಂಚಿಕೊಂಡರೆ ಲೆಕ್ಕ ಸರಿಹೊಂದುತ್ತದೆ. ಮೂರು ಮನೆಗಳು ಹಂಚಿಕೊಂಡರೆ ಅಷ್ಟೇ 20,000 ರೂಪಾಯಿ ಲಾಭವಾಗುತ್ತದೆ. ಇಲ್ಲಿಯ ಅಂಕಿಗಳು ಮಾದರಿಗಾಗಿ ಮಾತ್ರ ಇಟ್ಟುಕೊಂಡವು. ಪ್ರತಿಯೊಬ್ಬ ರೈತನೂ ತನ್ನ ಊರಿನ ದರಗಳನ್ನು ಹಾಕಿ ಲೆಕ್ಕ ಮಾಡತಕ್ಕದ್ದು. ಲೆಕ್ಕದ ಕ್ರಮ ಮಾತ್ರ ಬದಲಾಗದು.

ಹಾಗಾದರೆ ಸ್ವಂತ ಯಂತ್ರಕ್ಕೆ ಅನುಕೂಲವೇ ಇಲ್ಲವೆ? ಇದೆ, ಅದು ಹದದ ಅನುಕೂಲ. ಭರಣಿ, ಕೃತ್ತಿಕೆಯ ಮಳೆಗಳು ಬಿದ್ದ ಮೇಲೆ ಕೆಮ್ಮಣ್ಣಿನ ಹೊಲದಲ್ಲಿ ಹದ ನಿಲ್ಲುವುದು ಕೆಲವೇ ದಿನ. ಆಗ ಊರಿನವರೆಲ್ಲರಿಗೂ ಬಾಡಿಗೆ ಟ್ರಾಕ್ಟರು ಒಂದೇ ದಿನ ಬೇಕು. ಸರದಿ ಬರುವಷ್ಟರಲ್ಲಿ ಹದ ಆರಿಹೋದರೆ ಹೊಗೆಸೊಪ್ಪಿನ ನಾಟಿಯೂ ರಾಗಿಯ ಬಿತ್ತನೆಯೂ ಹಿಂದೆ ಬೀಳುತ್ತವೆ. ಈ ನಷ್ಟವನ್ನೂ ತಕ್ಕಡಿಯಲ್ಲಿ ಇಡಬೇಕು. ಆದರೆ ಕೊಳ್ಳುವ ಮುನ್ನ ಬೇರೆ ದಾರಿಗಳನ್ನೂ ವಿಚಾರಿಸಬೇಕು. 2014-15ರಲ್ಲಿ ಪ್ರಾರಂಭವಾದ ಕೃಷಿ ಯಂತ್ರಧಾರೆ ಯೋಜನೆಯಲ್ಲಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳು ಏರ್ಪಟ್ಟವು. ತನ್ನ ಹೋಬಳಿಯ ಕೇಂದ್ರದಲ್ಲಿ ಯಾವ ಯಂತ್ರಗಳು, ಯಾವ ದರಕ್ಕೆ ದೊರೆಯುತ್ತವೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬಹುದು.

ನೆಲಕ್ಕೆ ತಕ್ಕ ಶಕ್ತಿ

ಒಂದು ಜೊತೆ ಎತ್ತಿನ ಶಕ್ತಿ ಸುಮಾರು ಒಂದು ಅಶ್ವಶಕ್ತಿ. ಟ್ರಾಕ್ಟರಿನ ಅಶ್ವಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಹೆಚ್ಚಿನ ಶಕ್ತಿಯು ಹೆಚ್ಚಿನ ಬೆಲೆಯನ್ನೂ ಹೆಚ್ಚಿನ ಡೀಸೆಲನ್ನೂ ಬೇಡುತ್ತದೆ. ಯಾವ ಉಪಕರಣವನ್ನು ಎಳೆಯಬೇಕೆಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಶಕ್ತಿಯನ್ನು ನಿರ್ಧರಿಸಬೇಕು. ಸುಮಾರು ಮೂರು ಅಡಿ ಅಗಲದ ರೋಟವೇಟರಿಗೆ 18ರಿಂದ 20 ಅಶ್ವಶಕ್ತಿ, ನಾಲ್ಕು ಅಡಿಯದಕ್ಕೆ 25ರಿಂದ 30, ಐದು ಅಡಿಯದಕ್ಕೂ ಒಂಬತ್ತು ಗುಳದ ಕಲ್ಟಿವೇಟರಿಗೂ 35ರಿಂದ 45 ಅಶ್ವಶಕ್ತಿ ಬೇಕಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣಗಳ ಹಗುರ ಕೆಮ್ಮಣ್ಣಿನ ಹೊಗೆಸೊಪ್ಪು ಮತ್ತು ರಾಗಿಯ ಹೊಲಗಳಿಗೆ 25ರಿಂದ 35 ಅಶ್ವಶಕ್ತಿಯ ಯಂತ್ರವು ಸಾಕು. ಹೆಗ್ಗಡದೇವನಕೋಟೆಯ ಹತ್ತಿ ಬೆಳೆಯುವ ಎರೆಭೂಮಿಯಲ್ಲಿಯೂ ಶುಂಠಿಗೆ ಆಳವಾಗಿ ಉತ್ತು ಮಡಿ ಏರಿಸುವಲ್ಲಿಯೂ ಇನ್ನೂ ಸ್ವಲ್ಪ ಹೆಚ್ಚಿನ ಶಕ್ತಿ ಬೇಕಾಗಬಹುದು. ಕೃಷ್ಣರಾಜನಗರದ ಕಾವೇರಿ ನಾಲೆಗಳ ಕೆಳಗಿನ ಭತ್ತದ ಗದ್ದೆಗಳ ಮಾತೇ ಬೇರೆ. ಅಲ್ಲಿ ಭಾರವಾದ ಯಂತ್ರ ಹೂತುಹೋಗುತ್ತದೆ. ಹಗುರ ಟ್ರಾಕ್ಟರಿಗೆ ಪಂಜರದ ಚಕ್ರ ಕಟ್ಟಿ ಕೆಸರು ಮಾಡುವುದು ಮೇಲು. ಎರಡು ಮೂರು ಎಕರೆಯ ಗದ್ದೆಯವನು ಪವರ್ ಟಿಲ್ಲರನ್ನು ಪರಿಗಣಿಸುವುದು ಇನ್ನೂ ಮೇಲು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಇಂಥ ಟಿಲ್ಲರುಗಳನ್ನು ತಯಾರಿಸಿ ಕನ್ನಡ ನಾಡಿನ ಗದ್ದೆಗಳಿಗೆ ಪರಿಚಯಿಸಿತು. ಬಾಳೆ, ತೆಂಗಿನ ತೋಟವುಳ್ಳವನು ಯಂತ್ರದ ಅಗಲವನ್ನೂ ಸಾಲುಗಳ ಅಂತರವನ್ನೂ ಅಳೆದು ನೋಡದೆ ಮುಂಗಡ ಕೊಡಬಾರದು.

ತಯಾರಿಕೆ ಮತ್ತು ಬಿಡಿಭಾಗ

ಭಾರತದಲ್ಲಿ ಟ್ರಾಕ್ಟರಿನ ತಯಾರಿಕೆ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಮೊದಲಾಯಿತು. 1974ರಲ್ಲಿ ಹೊರಬಂದ ಸ್ವರಾಜ್ ಟ್ರಾಕ್ಟರು ದುರ್ಗಾಪುರದ ಕೇಂದ್ರ ಯಂತ್ರಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ದೇಶೀಯ ವಿನ್ಯಾಸ. ಪಿಂಜೋರಿನಲ್ಲಿ 1971ರಲ್ಲಿ ಪ್ರಾರಂಭವಾದ ಎಚ್.ಎಂ.ಟಿ. ಟ್ರಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ನಿರ್ಧರಿಸಿತು. ಈ ಇತಿಹಾಸದಿಂದ ಕೊಳ್ಳುವವನಿಗೆ ಒಂದು ಪಾಠವಿದೆ. ಗಟ್ಟಿ ಯಂತ್ರವಾದರೂ ಅದರ ತಯಾರಿಕೆ ನಿಂತಮೇಲೆ ಬಿಡಿಭಾಗವನ್ನು ಹುಡುಕಿಕೊಂಡು ಅಲೆಯಬೇಕಾದೀತು. ಆದುದರಿಂದ ತನ್ನ ಊರಿನಲ್ಲಿಯೂ ನೆರೆಯ ಊರುಗಳಲ್ಲಿಯೂ ಹೆಚ್ಚಾಗಿ ಓಡಾಡುತ್ತಿರುವ ಮಾದರಿಯನ್ನೇ ಆರಿಸುವುದು ಲೇಸು. ಹತ್ತಿರದ ಪಟ್ಟಣದ ಮೆಕ್ಯಾನಿಕ್ಕಿಗೆ ಅದರ ಕೀಲುಕೀಲೂ ತಿಳಿದಿರುತ್ತದೆ. ಕ್ಲಚ್ಚಿನ ತಟ್ಟೆಯಾಗಲಿ, ಫಿಲ್ಟರಾಗಲಿ ಅದೇ ದಿನ ದೊರೆಯುತ್ತದೆ.

ಯಂತ್ರದ ಪರೀಕ್ಷೆ

ಟ್ರಾಕ್ಟರನ್ನು ನೋಡಲು ಬೆಳಗಿನ ಹೊತ್ತು ಮುನ್ಸೂಚನೆಯಿಲ್ಲದೆ ಹೋಗಬೇಕು. ನಂಬಿಕೆಯ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯಬೇಕು. ಮೊದಲು ಎಂಜಿನ್ನಿನ ಮೇಲೆ ಕೈಯಿಟ್ಟು ಅದು ತಣ್ಣಗಿದೆಯೆ ಎಂದು ನೋಡಬೇಕು. ಬಿಸಿಮಾಡಿಟ್ಟ ಎಂಜಿನ್ನು ತನ್ನ ದೋಷವನ್ನು ಮರೆಮಾಚುತ್ತದೆ. ತಣ್ಣಗಿರುವಾಗಲೇ ಎಣ್ಣೆಯ ಕಡ್ಡಿಯನ್ನು ತೆಗೆದು ನೋಡಿದರೆ, ಎಣ್ಣೆ ಹಾಲುಬೆರೆತಂತೆ ಬೆಳ್ಳಗಿದ್ದಲ್ಲಿ ಅದರೊಳಗೆ ನೀರು ಸೇರಿದೆ ಎಂದು ತಿಳಿಯಬೇಕು. ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಪೊರೆ ತೇಲಿದರೂ ಅದೇ ಬಗೆಯ ಸಂಶಯ.

ಎಂಜಿನ್ನು ಸ್ಟಾರ್ಟಾದ ಮೇಲೆ ಹೊಗೆಯನ್ನು ಗಮನಿಸಬೇಕು. ಪ್ರಾರಂಭದ ತುಸು ಬಿಳಿಹೊಗೆ ದೋಷವಲ್ಲ. ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಒತ್ತಡ ಕುಂದಿರಬಹುದು ಅಥವಾ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ನೀಲಿಹೊಗೆ ಎಂಜಿನ್ನಿನ ಎಣ್ಣೆ ಉರಿಯುತ್ತಿರುವುದರ ಗುರುತು. ಉಂಗುರಗಳೂ ಸಿಲಿಂಡರೂ ಸವೆದಿರುವ ಸಂಭವ ಹೆಚ್ಚು. ಹೊರೆಯಿಲ್ಲದಾಗಲೂ ಕಪ್ಪುಹೊಗೆ ಬಂದರೆ ಗಾಳಿಯ ಶೋಧಕವೋ ಇಂಧನದ ನಳಿಕೆಗಳೋ ಕೆಟ್ಟಿರುತ್ತವೆ. ಇದು ಬಹುಮಟ್ಟಿಗೆ ಕಡಿಮೆ ಖರ್ಚಿನ ದೋಷ. ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳವನ್ನು ತೆಗೆದಾಗ ಅಲ್ಲಿಂದ ಹೊಗೆ ರಭಸವಾಗಿ ನುಗ್ಗಿದರೆ ಎಂಜಿನ್ನು ಬಿಚ್ಚಿಸುವ ಕಾಲ ಸಮೀಪಿಸಿದೆ ಎಂದರ್ಥ.

ಗಂಟೆಯ ಮೀಟರು ಟ್ರಾಕ್ಟರಿನ ಹಲ್ಲಿನಂತೆ. ಆದರೆ ಹಲ್ಲು ಸುಳ್ಳು ಹೇಳದು, ಮೀಟರು ಹೇಳಬಲ್ಲದು. ಅದು ನಿಂತುಹೋಗಿರಬಹುದು, ಬದಲಾಗಿಯೂ ಇರಬಹುದು. ಮೀಟರಿನಲ್ಲಿ ಕಡಿಮೆ ಗಂಟೆಯಿದ್ದು, ಕ್ಲಚ್ಚಿನ ಪಾದಫಲಕ ನುಣ್ಣಗೆ ಸವೆದಿದ್ದರೆ, ಟ್ರಾಲಿ ಸಿಕ್ಕಿಸುವ ರಂಧ್ರವು ದುಂಡಗಿನ ಆಕಾರ ಕಳೆದುಕೊಂಡು ಉದ್ದವಾಗಿದ್ದರೆ, ಉಪಕರಣ ಕಟ್ಟುವ ತೋಳುಗಳ ಗುಂಡುಗಳು ಅಲುಗಾಡಿದರೆ, ಸವೆತವನ್ನೇ ನಂಬಬೇಕು. ಉದ್ದವಾದ ರಂಧ್ರವು ಇನ್ನೊಂದು ಕಥೆಯನ್ನೂ ಹೇಳುತ್ತದೆ. ಕಬ್ಬು, ಇಟ್ಟಿಗೆ, ಮರಳುಗಳ ಅತಿಭಾರವನ್ನು ವರ್ಷಗಟ್ಟಲೆ ಎಳೆದ ಯಂತ್ರದ ಕ್ಲಚ್ಚು, ಗೇರು, ಹಿಂದಿನ ಅಚ್ಚುಗಳು ಒಳಗೇ ಬಳಲಿರುತ್ತವೆ. ಕೆಸರುಗದ್ದೆಯಲ್ಲಿಯೇ ದುಡಿದ ಯಂತ್ರವಾದರೆ ಚಕ್ರದ ಗುಂಭಗಳೊಳಗೂ ಬ್ರೇಕಿನೊಳಗೂ ನೀರು ಹೊಕ್ಕಿದೆಯೆ ಎಂದು ನೋಡಬೇಕು.

ಹೈಡ್ರಾಲಿಕ್ ತೋಳುಗಳಿಗೆ ಭಾರವಾದ ಉಪಕರಣವನ್ನು ಕಟ್ಟಿ ಮೇಲಕ್ಕೆತ್ತಿಸಬೇಕು. ಎತ್ತುವಾಗ ಅದು ಕುಲುಕಬಾರದು. ಎಂಜಿನ್ನು ನಿಲ್ಲಿಸಿದ ಕೂಡಲೇ ಜಾರಿ ಕೆಳಗಿಳಿಯಬಾರದು. ಎತ್ತಿನಿಂತ ಉಪಕರಣದ ಕೆಳಗೆ ಯಾರೂ ಕೈಕಾಲು ಚಾಚಕೂಡದು. ಪಿ.ಟಿ.ಓ. ದಂಡವನ್ನು ತಿರುಗಿಸಿ ನೋಡಿ, ನಿಲ್ಲಿಸಿದ ಮೇಲೆ ಅದರ ಹಲ್ಲುಗಳ ಸವೆತವನ್ನು ಪರೀಕ್ಷಿಸಬೇಕು. ಮುಂದಿನ ಅಚ್ಚನ್ನು ಜಾಕಿನಿಂದ ಎತ್ತಿ ಚಕ್ರವನ್ನು ಅಲುಗಾಡಿಸಿದರೆ ಕಿಂಗ್‌ಪಿನ್ನು, ಬುಷ್‌ಗಳ ಸವೆತ ತಿಳಿಯುತ್ತದೆ. ಎಡ ಬಲದ ಬ್ರೇಕುಗಳು ಬೇರೆ ಬೇರೆಯಾಗಿಯೂ ಹಿಡಿಯಬೇಕು, ಕೂಡಿಸಿದಾಗ ಸಮನಾಗಿಯೂ ಹಿಡಿಯಬೇಕು. 35 ಅಶ್ವಶಕ್ತಿಯ ವರ್ಗದಲ್ಲಿ ಸಾಮಾನ್ಯವಾಗಿ ಹಿಂದೆ 12.4-28, ಮುಂದೆ 6.00-16 ಅಳತೆಯ ಟಯರುಗಳಿರುತ್ತವೆ. ಹಿಂದಿನ ಜೊತೆ ಟಯರುಗಳ ಬೆಲೆ ಸಣ್ಣದಲ್ಲ. ಬಿರುಕು, ಕೂಳೆಯ ಗಾಯ, ರಿಮ್ಮಿನ ತುಕ್ಕುಗಳನ್ನು ಎಣಿಸಿ ಬರೆದುಕೊಳ್ಳಬೇಕು.

ಕಡೆಯ ಪರೀಕ್ಷೆ ನೊಗದ ಪರೀಕ್ಷೆ. ಮಾರುವವನು ಒಪ್ಪಿದರೆ ಕೊಳ್ಳುವವನ ಹೊಲದಲ್ಲಿ, ಇಲ್ಲವಾದರೆ ಹತ್ತಿರದ ಹೊಲದಲ್ಲಿ, ಒಂದು ಗಂಟೆ ಉಳಿಸಿ ನೋಡಬೇಕು. ಭಾರ ಬಿದ್ದಾಗ ಗೇರು ತಾನಾಗಿ ಕಳಚಿಕೊಳ್ಳುತ್ತದೆಯೆ, ಕ್ಲಚ್ಚು ಜಾರುತ್ತದೆಯೆ, ನೀರು ಕುದಿಯುತ್ತದೆಯೆ, ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ಇಳಿಯುತ್ತದೆಯೆ ಎಂಬುದು ಅಂಗಳದಲ್ಲಿ ತಿಳಿಯದು, ಉಳುಮೆಯಲ್ಲಿ ತಿಳಿಯುತ್ತದೆ. ಈ ಪರೀಕ್ಷೆಗೆ ಕಾರಣವಿಲ್ಲದೆ ಒಪ್ಪದವನ ಯಂತ್ರವನ್ನು ಬಿಟ್ಟುಬರುವುದೇ ವಿವೇಕ.

ಕಾಗದಪತ್ರಗಳು

ಯಂತ್ರವು ಸರಿಯಿದ್ದು ಪತ್ರವು ಸರಿಯಿಲ್ಲದಿದ್ದರೆ ಕೊಂಡದ್ದು ಯಂತ್ರವಲ್ಲ, ವ್ಯಾಜ್ಯ. ಆರ್.ಸಿ.ಯಲ್ಲಿರುವ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳು ಯಂತ್ರದ ಮೇಲೆ ಕೊರೆದಿರುವವುಗಳಿಗೆ ಅಕ್ಷರಶಃ ತಾಳೆಯಾಗಬೇಕು. ಮಾರುವವನ ಹೆಸರೇ ಅದರಲ್ಲಿರಬೇಕು. ಸಾಲಕ್ಕೆ ಅಡಮಾನವಾಗಿರುವ ನಮೂದಿದ್ದರೆ ಬ್ಯಾಂಕಿನ ಋಣಮುಕ್ತಿ ಪತ್ರವನ್ನೂ 35ನೆಯ ನಮೂನೆಯನ್ನೂ ಪಡೆಯದೆ ಹಣ ಕೊಡಕೂಡದು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು ಬೇಕು. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಪ್ರಕರಣದಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು. ಹುಣಸೂರಿನ ಕಚೇರಿಯಲ್ಲಿ ನೋಂದಾಯಿತವಾದ ವಾಹನಗಳ ಸಂಖ್ಯೆ ಕೆ.ಎ. 45ರಿಂದ ಮೊದಲಾಗುತ್ತದೆ. ವಯನಾಡಿನ ಗಡಿಯಾಚೆಯಿಂದ ಅಥವಾ ಬೇರೆ ರಾಜ್ಯದಿಂದ ಬಂದ ಯಂತ್ರವಾದರೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ನೋಂದಣಿಯ ಮೊದಲ ಅವಧಿ 15 ವರ್ಷ. ಅದು ಮುಗಿದಿದ್ದರೆ ನವೀಕರಣವಾಗಿದೆಯೆ ಎಂದು ನೋಡಬೇಕು. ಮೂರನೆಯವರ ಹೊಣೆಯ ವಿಮೆಯು ಕಡ್ಡಾಯ. ಸ್ಟಾಂಪು ಕಾಗದದಲ್ಲಿ ಬರೆದ ಕರಾರೊಂದನ್ನೇ ನಂಬಿ ಹೆಸರು ಬದಲಿಸದೆ ಉಳಿದರೆ, ಅಪಘಾತವಾದ ದಿನ ಮಾರಿದವನೂ ಕೊಂಡವನೂ ಇಬ್ಬರೂ ತೊಂದರೆಗೆ ಸಿಕ್ಕುತ್ತಾರೆ.

ಬೆಲೆಯ ನಿಷ್ಕರ್ಷೆ

ಪರೀಕ್ಷೆಯಲ್ಲಿ ಕಂಡ ದೋಷಗಳನ್ನೆಲ್ಲ ಪಟ್ಟಿಮಾಡಿ, ಒಂದೊಂದರ ದುರಸ್ತಿಗೆ ತಗಲುವ ಹಣವನ್ನು ಮೆಕ್ಯಾನಿಕ್ಕನಿಂದ ಕೇಳಿ ಬರೆದು, ಆ ಮೊತ್ತವನ್ನು ಕೇಳಿದ ಬೆಲೆಗೆ ಕೂಡಿಸಿದರೆ ಯಂತ್ರದ ನಿಜವಾದ ಬೆಲೆ ತಿಳಿಯುತ್ತದೆ. ಅಗ್ಗವೆಂದು ಕಂಡದ್ದು ಎಷ್ಟೋ ಸಲ ಈ ಕೂಡಿಕೆಯಲ್ಲಿ ದುಬಾರಿಯಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರಾಕ್ಟರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು ಶೇಕಡ 12ರಿಂದ 5ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯುವುದು ನ್ಯಾಯ; ಹಳೆಯ ದರವನ್ನೇ ಹಿಡಿದು ಕುಳಿತವನಿಗೆ ಇದನ್ನು ನೆನಪಿಸಬಹುದು. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ, ಮೊದಲ ವರ್ಷದ ದುರಸ್ತಿಗೆಂದು ಒಂದು ಪಾಲನ್ನು ತೆಗೆದಿಡಬೇಕು.

ಕೊಂಡ ಮೇಲೆ

ಟ್ರಾಕ್ಟರು ಮನೆಗೆ ಬಂದ ದಿನ ಪೂಜೆಯಾದ ಬಳಿಕ ಮಾಡಬೇಕಾದ ಮೊದಲ ಕೆಲಸವೆಂದರೆ ಒಂದು ಪುಸ್ತಕವನ್ನು ತೆರೆಯುವುದು. ದುಡಿದ ಗಂಟೆ, ಹಾಕಿದ ಡೀಸೆಲ್, ಬದಲಿಸಿದ ಎಣ್ಣೆ, ದುರಸ್ತಿಯ ಖರ್ಚುಗಳನ್ನು ಮನೆಯಲ್ಲಿ ಓದುತ್ತಿರುವ ಮಗನೋ ಮಗಳೋ ದಿನವೂ ಬರೆದಿಡಲಿ. ಶಾಲೆಯಲ್ಲಿ ಕಲಿತ ಕೂಡುವ ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ವರ್ಷದ ಕೊನೆಗೆ ಯಂತ್ರವು ಮನೆಯನ್ನು ಸಾಕುತ್ತಿದೆಯೋ, ಮನೆಯು ಯಂತ್ರವನ್ನು ಸಾಕುತ್ತಿದೆಯೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಆದರೆ ಆ ಮಕ್ಕಳನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೋಗುವುದು ಮಾತ್ರ ಸಲ್ಲದು. ಟ್ರಾಕ್ಟರಿನಲ್ಲಿರುವುದು ಒಬ್ಬನ ಆಸನ. ಹೊಲದ ಬದುವಿನ ಒಂದು ಕುಲುಕಿಗೆ ಪಕ್ಕದಲ್ಲಿ ಕುಳಿತವನು ಹಿಂದಿನ ಚಕ್ರದ ಮುಂದೆಯೇ ಬೀಳುತ್ತಾನೆ. ರಸ್ತೆಗೆ ಬರುವ ಮೊದಲು ಎರಡೂ ಬ್ರೇಕುಗಳನ್ನು ಕೂಡಿಸಬೇಕು. ಭಾರವನ್ನು ಎಳೆಪಟ್ಟಿಗಿಂತ ಎತ್ತರದಲ್ಲಿ ಕಟ್ಟಿ ಎಳೆದರೆ ಯಂತ್ರವು ಮುಂಗಾಲೆತ್ತಿ ಹಿಂದಕ್ಕೆ ಮಗುಚಬಲ್ಲದು. ತಿರುಗುತ್ತಿರುವ ಪಿ.ಟಿ.ಓ. ದಂಡದ ಬಳಿಗೆ ಸಡಿಲ ವಸ್ತ್ರ ತೊಟ್ಟವರು ಹೋಗಕೂಡದು. ಟ್ರಾಲಿಯಲ್ಲಿ ಜಾತ್ರೆಗೂ ಮದುವೆಗೂ ಜನರನ್ನು ತುಂಬಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ಅನಾಹುತವಾದರೆ ವಿಮೆಯೂ ಕೈಹಿಡಿಯದು.

ಹಂಚಿಕೊಂಡು ಕೊಂಡವರು ಇನ್ನೊಂದು ಮಾತನ್ನು ಮರೆಯಬಾರದು. ಹದದ ದಿನ ಯಾರ ಹೊಲ ಮೊದಲು, ದುರಸ್ತಿಗೆ ಯಾರು ಎಷ್ಟು ಕೊಡಬೇಕು, ಒಬ್ಬನು ಬಿಟ್ಟುಹೋದರೆ ಅವನ ಪಾಲೇನು ಎಂಬುದನ್ನು ಸ್ನೇಹವಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಬರಹವು ಅಪನಂಬಿಕೆಯ ಗುರುತಲ್ಲ; ನಂಬಿಕೆಗೆ ಹಾಕಿದ ಬೇಲಿ.

12ನೆಯ ಶತಮಾನದ ಶರಣರ ಬಳಗದಲ್ಲಿ ಒಕ್ಕಲಿಗ ಮುದ್ದಣ್ಣನಂಥ ಬೇಸಾಯಗಾರರೂ ಇದ್ದರು. ಉಳುಮೆಯನ್ನು ಶರಣರು ಕಾಯಕವೆಂದು ಕರೆದದ್ದು ಅದರಲ್ಲಿ ದುಡಿಮೆಯೂ ಸತ್ಯಶುದ್ಧಿಯೂ ಕೂಡಿರುವುದರಿಂದ. ಆ ಕಾಯಕಕ್ಕೆ ಎತ್ತು ಹೇಗೆ ಸಾಧನವೋ ಟ್ರಾಕ್ಟರೂ ಹಾಗೆಯೇ ಸಾಧನ. ಅದು ಅಂತಸ್ತಿನ ಗುರುತಾಗಿ ಅಂಗಳದಲ್ಲಿ ನಿಂತಾಗ ಸಾಲವಾಗುತ್ತದೆ. ಸ್ವಂತ ಹೊಲವನ್ನು ಉತ್ತು, ಎತ್ತಿಲ್ಲದ ನೆರೆಯವನ ಹೊಲವನ್ನೂ ಹದ ಮೀರುವ ಮುನ್ನ ಉತ್ತಾಗ ಕಾಯಕವೂ ಆಗುತ್ತದೆ, ದಾಸೋಹವೂ ಆಗುತ್ತದೆ. ಹೊಲದ ಅಗತ್ಯವನ್ನು ಅಳೆದು, ಯಂತ್ರವನ್ನು ನೊಗಕ್ಕೆ ಹೂಡಿ ನೋಡಿ, ಪತ್ರವನ್ನು ಓದಿ ಕೊಂಡವನಿಗೆ ಹಳೆಯ ಟ್ರಾಕ್ಟರು ಹಳೆಯದೆನಿಸದು.